ಲೋಗೋ ಬಿಡಿ, ಲೆಕ್ಕ ಹಿಡಿಯಿರಿ

ಭಾಗ್ಯನಗರ ಅಂದ್ರೆ ಮಗ್ಗ. ಭಾಗ್ಯನಗರ ಅಂದ್ರೆ ಕೂದಲಿನ ವ್ಯಾಪಾರ. ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಈ ಊರಿನ ಮಂದಿಗೆ ಮಾಲು ನೋಡೋದನ್ನ ಯಾರೂ ಕಲಿಸಬೇಕಾಗಿಲ್ಲ. ಸೀರೆಯ ಅಂಚು ಬೆರಳಲ್ಲಿ ಮುಟ್ಟಿ ನೂಲು ಎಂಥದ್ದು ಅಂತ ಹೇಳ್ತಾರೆ. ಕೂದಲಿನ ಕಟ್ಟು ಕೈಗೆ ಬಂದರೆ ಉದ್ದ ನೋಡಿ, ಗುಣ ನೋಡಿ ದರ ಕಟ್ತಾರೆ. ಮೂಟೆ ಮೇಲೆ ಯಾರ ಹೆಸರು ಬರೆದಿದೆ ಅಂತ ನೋಡಿ ದುಡ್ಡು ಎಣಿಸೋದಿಲ್ಲ.

ಆದರೆ ಅದೇ ಮಂದಿ ಎಂಟು-ಹತ್ತು ಲಕ್ಷದ ಕಾರು ತಗೊಳ್ಳೋಕೆ ಹೊರಟಾಗ ಏನು ಮಾಡ್ತಾರೆ? "ಆ ಕಂಪನಿ ಗಟ್ಟಿ, ಈ ಕಂಪನಿ ಡಬ್ಬ" ಅನ್ನೋ ಮಾತಿನ ಮೇಲೆ ತೀರ್ಮಾನ ಮಾಡಿಬಿಡ್ತಾರೆ. ಭಾಗ್ಯನಗರ ಒಂದೇ ಅಲ್ಲ, ಇಡೀ ಕರ್ನಾಟಕದ ಕಥೆ ಇದು.

ಇದು ಸಣ್ಣ ವಿಷಯ ಅಲ್ಲ ಸ್ವಾಮಿ. 7 ಲಕ್ಷ ಸಾಲ, ಶೇಕಡಾ 9.5 ಬಡ್ಡಿ, 7 ವರ್ಷದ ಕಂತು ಅಂದುಕೊಳ್ಳಿ. ತಿಂಗಳಿಗೆ ಸುಮಾರು 11,400 ರೂಪಾಯಿ. ಸಾಲ ತೀರುವ ಹೊತ್ತಿಗೆ ಬಡ್ಡಿಯೇ 2 ಲಕ್ಷ 60 ಸಾವಿರ ದಾಟಿರುತ್ತೆ. ಕಾರು ಗ್ಯಾರೇಜಿನಲ್ಲಿ ನಿಂತರೂ ಕಂತು ನಿಲ್ಲೋದಿಲ್ಲ.

ಹಾಗಾದರೆ ಯಾವ ಕಂಪನಿ ಒಳ್ಳೇದು? ಈ ಪ್ರಶ್ನೆಯೇ ಸರಿ ಇಲ್ಲ. ಯಾಕೆ ಅಂತ ನೋಡಿ.

2019ರ ಜೂನ್‌ನಲ್ಲಿ ಟೊಯೊಟಾ ಕಂಪನಿ ಗ್ಲಾನ್ಜಾ ಅನ್ನೋ ಕಾರು ಬಿಟ್ಟಿತು. ಅದು ಬೇರೇನಲ್ಲ, ಮಾರುತಿ ಸುಜುಕಿಯ ಬಲೆನೊ. ಎಂಜಿನ್ ಅದೇ, ಬಾಡಿ ಅದೇ. ಮುಂದಿನ ಗ್ರಿಲ್ಲು, ಲೋಗೋ ಮಾತ್ರ ಬೇರೆ. ಆದರೆ ವಾರಂಟಿ? ಆಗ ಮಾರುತಿ ಕೊಡ್ತಿದ್ದದ್ದು 2 ವರ್ಷ ಅಥವಾ 40,000 ಕಿಲೋಮೀಟರ್. ಟೊಯೊಟಾ ಕೊಟ್ಟಿದ್ದು 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್. ಕಬ್ಬಿಣ ಒಂದೇ, ಕಾಗದ ಎರಡು! 2024ರ ಜುಲೈನಲ್ಲಿ ಮಾರುತಿ ಕೂಡ 3 ವರ್ಷ, 1 ಲಕ್ಷ ಕಿಲೋಮೀಟರಿಗೆ ಬಂತು, ಅದು ಬೇರೆ ಮಾತು.

ಗುಣ ಹಂಚಿಕೊಂಡ ಹಾಗೆ ದೋಷವನ್ನೂ ಹಂಚಿಕೊಳ್ತಾರೆ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ಕಂಟ್ರೋಲರ್‌ನಲ್ಲಿ ದೋಷ ಇರಬಹುದು ಅಂತ ಮಾರುತಿ ಕಂಪನಿ ಬಲೆನೊ ಸೇರಿದಂತೆ 17,362 ಕಾರುಗಳನ್ನ ವಾಪಸ್ ಕರೆಸಿತು. ಅದೇ ತಿಂಗಳು, ಅದೇ ಭಾಗಕ್ಕೆ, ಟೊಯೊಟಾ 1,390 ಗ್ಲಾನ್ಜಾ ಮತ್ತು ಹೈರೈಡರ್ ಕಾರುಗಳನ್ನ ಕರೆಸಿತು. ಕೊಪ್ಪಳದವರಿಗೆ ಇದು ಹೊಸದೇನಲ್ಲ. ಪಕ್ಕದ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಎರಕ ಹೊಯ್ದ ಸಿಲಿಂಡರ್ ಬ್ಲಾಕು, ಹೆಡ್ಡುಗಳು ಬೇರೆ ಬೇರೆ ವಾಹನ ಮತ್ತು ಟ್ರ್ಯಾಕ್ಟರ್ ಕಂಪನಿಗಳಿಗೆ ಹೋಗ್ತವೆ. ಲೋಗೋ ಕೂರೋದು ಆಮೇಲೆ.

ಒಂದೇ ಕಂಪನಿಯ ಒಳಗೂ ಅಜಗಜಾಂತರ ಇರುತ್ತೆ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಕಾರುಗಳನ್ನ ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡುತ್ತೆ. 2023ರ ಏಪ್ರಿಲ್‌ನಲ್ಲಿ ಮಾರುತಿ ವ್ಯಾಗನ್-ಆರ್‌ಗೆ ಬಂದದ್ದು 1 ಸ್ಟಾರ್. 2024ರ ನವೆಂಬರ್‌ನಲ್ಲಿ ಅದೇ ಮಾರುತಿಯ ಹೊಸ ಡಿಸೈರ್‌ಗೆ 5 ಸ್ಟಾರ್. ಈಗ ಹೇಳಿ, ಮಾರುತಿ ಗಟ್ಟಿಯೋ ಡಬ್ಬವೋ? ಉತ್ತರ ಇಲ್ಲ. ಯಾವ ಮಾಡೆಲ್, ಯಾವ ವರ್ಷದ್ದು ಅಂತ ಕೇಳಿದರೆ ಮಾತ್ರ ಉತ್ತರ ಇದೆ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಬುಕ್ ಮಾಡೋ ಮೊದಲು ಸ್ಟಾರ್ ಎಷ್ಟು ಅಂತ ಕೇಳಿ. ಉಳಿದದ್ದರಲ್ಲಿ ಚೌಕಾಸಿ ಮಾಡಿ, ಇದೊಂದರಲ್ಲಿ ಮಾತ್ರ ಬೇಡ. ರಾತ್ರಿ ಹೊಸಪೇಟೆ ರಸ್ತೆಯಲ್ಲಿ ಹಿಂದಿನ ದೀಪವಿಲ್ಲದ ಟ್ರ್ಯಾಲಿ ಎದುರಾದಾಗ ಮ್ಯೂಸಿಕ್ ಸಿಸ್ಟಮ್ ಕಾಪಾಡೋದಿಲ್ಲ.

ಸರಿ, ಬಾಳಿಕೆ ಹೇಗೆ ತಿಳಿಯೋದು? ಅಮೆರಿಕದಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಅನ್ನೋ ಸಂಸ್ಥೆ ಕಾರು ಇಟ್ಟುಕೊಂಡವರನ್ನೇ ಕೇಳಿ, ಯಾವ ಮಾಡೆಲ್ಲಿಗೆ ಏನು ಕೆಡುತ್ತೆ ಅಂತ ಪ್ರಕಟಿಸುತ್ತೆ. ನಮ್ಮಲ್ಲಿ ಆ ಕೆಲಸ ಮಾಡೋರು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿದ್ದಾರೆ! ಎರಡು ಲಕ್ಷ ಕಿಲೋಮೀಟರ್ ಓಡಿಸಿದ ಡ್ರೈವರ್ ಅಣ್ಣನ್ನ ಕೇಳಿ. ಶೋರೂಮಿಗೆ ಸೇರದ ಮೆಕ್ಯಾನಿಕ್‌ನ ಕೇಳಿ. "ಗಾಡಿ ಹೆಂಗೈತಿ" ಅಂತ ಕೇಳಬೇಡಿ, "ಚಲೋ ಐತ್ರಿ" ಅಂದುಬಿಡ್ತಾರೆ. ಮೂರೇ ಪ್ರಶ್ನೆ ಕೇಳಿ. ಮೊದಲು ಕೆಟ್ಟದ್ದು ಯಾವುದು? ರಿಪೇರಿಗೆ ಎಷ್ಟು ರೊಕ್ಕ ಹೋಯ್ತು? ಪಾರ್ಟ್ ಬರೋಕೆ ಎಷ್ಟು ದಿನ ಆಯ್ತು?

ಈ ಮೂರನೇ ಪ್ರಶ್ನೆಯಲ್ಲೇ ಎಲ್ಲಾ ಇದೆ. ಬೆಂಗಳೂರಿನವರಿಗೆ ಯಾವ ಕಂಪನಿಯಾದರೂ ನಡೆಯುತ್ತೆ, ಅಲ್ಲಿ ಎಲ್ಲಾ ಕಂಪನಿಯ ವರ್ಕ್‌ಶಾಪ್ ಇವೆ. ಭಾಗ್ಯನಗರದವರಿಗೆ ಹಾಗಲ್ಲ. ನೀವು ತಗೊಳ್ಳೋ ಕಾರಿನ ವರ್ಕ್‌ಶಾಪ್ ಕೊಪ್ಪಳದಲ್ಲೇ ಇದೆಯಾ, ಹೊಸಪೇಟೆಗೆ ಹೋಗಬೇಕಾ, ಇಲ್ಲಾ ನೂರು ಕಿಲೋಮೀಟರ್ ದಾಟಿ ಹುಬ್ಬಳ್ಳಿಗಾ? ಹುಬ್ಬಳ್ಳಿ ಅಂದ್ರೆ ಪ್ರತಿ ಸರ್ವಿಸಿಗೆ ಒಂದು ದಿನದ ದುಡಿಮೆ ಹೋಯ್ತು, ಹೋಗಿಬರೋ ಪೆಟ್ರೋಲ್ ಹೋಯ್ತು. ಕೆಟ್ಟು ನಿಂತರೆ ಟೋಯಿಂಗ್ ಖರ್ಚು ಬೇರೆ. ಬ್ರೋಷರಿನಲ್ಲಿ ಇದೊಂದೂ ಇರೋದಿಲ್ಲ.

ಕಂಪನಿಯೇ ಗಂಟುಮೂಟೆ ಕಟ್ಟಿದರೆ? ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸ್ತೀವಿ ಅಂತ ಘೋಷಿಸಿತು. ಓಡಿಸೋಕೆ ಕೆಟ್ಟ ಗಾಡಿಗಳೇನಲ್ಲ. ಸರ್ವಿಸ್ ಮುಂದುವರಿಯುತ್ತೆ ಅಂತಲೂ ಹೇಳಿದರು. ಆದರೆ ಕಂಪನಿ ಹೊರಟ ಮೇಲೆ ಹಳೇ ಗಾಡಿಗೆ ಮೊದಲಿನ ರೇಟು ಕೊಡೋರು ಯಾರು? ಹಾಗಾಗಿ ಹೊಸ ಕಾರು ಬುಕ್ ಮಾಡೋ ಮುಂಚೆ ಅದೇ ಮಾಡೆಲ್ಲಿನ ಐದು ವರ್ಷ ಹಳೇ ಗಾಡಿ ಎಷ್ಟಕ್ಕೆ ಹೋಗುತ್ತೆ ಅಂತ ಸೆಕೆಂಡ್ ಹ್ಯಾಂಡ್ ವ್ಯಾಪಾರಿಯನ್ನ ಕೇಳಿ. ಅವನು ಹೇಳೋ ರೇಟಿನಲ್ಲಿ ಬಾಳಿಕೆ, ಪಾರ್ಟು, ಊರಿನ ನಂಬಿಕೆ ಎಲ್ಲಾ ಸೇರಿರುತ್ತೆ.

ಇನ್ನು ತೆರಿಗೆ. ಕರ್ನಾಟಕದಲ್ಲಿ 5ರಿಂದ 10 ಲಕ್ಷದವರೆಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇಕಡಾ 14. ಹತ್ತು ಲಕ್ಷ ದಾಟಿದರೆ 17. ಆ ತೆರಿಗೆಯ ಮೇಲೆ ಮತ್ತೆ ಶೇಕಡಾ 11 ಸೆಸ್. ಅಂದ್ರೆ 9 ಲಕ್ಷ 90 ಸಾವಿರದ ಕಾರಿಗೆ ಸುಮಾರು 1 ಲಕ್ಷ 54 ಸಾವಿರ ತೆರಿಗೆ. 10 ಲಕ್ಷ 10 ಸಾವಿರದ್ದಕ್ಕೆ ಸುಮಾರು 1 ಲಕ್ಷ 91 ಸಾವಿರ! "ಇನ್ನು ಇಪ್ಪತ್ತೇ ಸಾವಿರ ಹಾಕಿ ಸಾರ್, ಟಾಪ್ ಮಾಡೆಲ್ ಬರುತ್ತೆ" ಅಂತ ಶೋರೂಮಿನವರು ಹೇಳಿದಾಗ ನೆನಪಿಡಿ, ಆ ಇಪ್ಪತ್ತರ ಹಿಂದೆ ಇನ್ನೂ ಮೂವತ್ತೇಳು ಸಾವಿರ ಅಡಗಿ ಕೂತಿದೆ.

ಮೈಲೇಜ್ ಲೆಕ್ಕವನ್ನೂ ಮಾಡಿ. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸೋರಿಗೆ, ಲೀಟರಿಗೆ 100 ರೂಪಾಯಿ ಹಿಡಿದರೆ, 18 ಕಿಲೋಮೀಟರ್ ಕೊಡೋ ಗಾಡಿಗೂ 22 ಕೊಡೋ ಗಾಡಿಗೂ ಇರೋ ವ್ಯತ್ಯಾಸ ವರ್ಷಕ್ಕೆ ಹನ್ನೆರಡು ಸಾವಿರ. ಮೈಲೇಜ್ ಹೆಚ್ಚು ಅಂತ ಒಂದೂವರೆ ಲಕ್ಷ ಹೆಚ್ಚು ಕೊಟ್ಟರೆ ಅದು ವಾಪಸ್ ಬರೋಕೆ ಹನ್ನೆರಡು ವರ್ಷಕ್ಕೂ ಹೆಚ್ಚು ಬೇಕು.

ಒಂದು ಹಾಳೆ ತಗೊಳ್ಳಿ. ಮೂರು ಮಾಡೆಲ್ ಹೆಸರು ಬರೆಯಿರಿ. ಪ್ರತಿಯೊಂದರ ಮುಂದೆ ಆನ್‌ರೋಡ್ ಬೆಲೆ, ಐದು ವರ್ಷದ ಪೆಟ್ರೋಲ್, ಸರ್ವಿಸ್, ಇನ್ಶೂರೆನ್ಸ್ ಬರೆದು ಕೂಡಿಸಿ. ಐದು ವರ್ಷದ ನಂತರ ಮಾರಿದರೆ ಬರೋ ದುಡ್ಡು ಕಳೆಯಿರಿ. ಪಕ್ಕದಲ್ಲಿ ಸ್ಟಾರ್ ಎಷ್ಟು, ವರ್ಕ್‌ಶಾಪ್ ಎಷ್ಟು ದೂರ ಅಂತ ಬರೆಯಿರಿ. ಯಾವ ಕಾರು ತಗೊಳ್ಳಬೇಕು ಅಂತ ಆ ಹಾಳೆಯೇ ಹೇಳುತ್ತೆ.

ಹೊಸ ಗಾಡಿಯನ್ನ ಹುಲಿಗೆಮ್ಮನ ಗುಡಿಗೆ ಒಯ್ದು ಧಾರಾಳವಾಗಿ ಪೂಜೆ ಮಾಡಿಸಿ, ಚಕ್ರಕ್ಕೆ ನಿಂಬೆಹಣ್ಣು ಇಡಿ. ಆದರೆ ಲೆಕ್ಕ ಹಾಕಿದ ಮೇಲೆ ಇಡಿ. ಕಂತು ಕಟ್ಟೋದು ಕಂಪನಿ ಅಲ್ಲ, ನೀವು.