ಒಲೆಯ ಮುಂದಿನ ಎರಡು ಮಡಿ

ಬಿಯರಿನ ವಿಷಯವಾಗಿ ನಿವೃತ್ತ ಕನ್ನಡ ಅಧ್ಯಾಪಕನೊಬ್ಬನು ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ನಾನು ಅದನ್ನು ಕುಡಿದವನಲ್ಲ. ಆದರೆ ಅಮೆರಿಕದ ಕೊಲರಾಡೊದಲ್ಲಿರುವ ಮಗನ ಮನೆಯಲ್ಲಿ ಐದು ತಿಂಗಳಿದ್ದಾಗ ಅದು ತಯಾರಾಗುವುದನ್ನು ಕಂಡವನು; ಅದರಿಂದ ಆ ಸಂಸಾರದಲ್ಲಿ ಎದ್ದ ಮನಸ್ತಾಪವನ್ನೂ ಕಂಡವನು.

ಅಲ್ಲಿ ಇದು ಅಪರಾಧವಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಂಕಿತ ಹಾಕಿದ ಕಾನೂನು, ವಯಸ್ಕರಿಬ್ಬರಿರುವ ಮನೆಯವರು ವರ್ಷಕ್ಕೆ 200 ಗ್ಯಾಲನ್, ಎಂದರೆ ಸುಮಾರು 757 ಲೀಟರು ಬಿಯರನ್ನು ಸ್ವಂತಕ್ಕಾಗಿ ತೆರಿಗೆಯಿಲ್ಲದೆ ತಯಾರಿಸಿಕೊಳ್ಳಲು ಎಡೆಮಾಡಿತು, ಮಾರುವಂತಿಲ್ಲ. ನಮ್ಮಲ್ಲಿ ಪರವಾನಗಿಯಿಲ್ಲದೆ ಹೀಗೆ ಮಾಡುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ತಪ್ಪು. ಆದ್ದರಿಂದ ಈ ಮಾತು ಕೇಳಿ ಯಾರೂ ಪಾತ್ರೆ ಹುಡುಕಬಾರದು.

ಕ್ರಮವೇನೋ ಸರಳವಾದುದೆ. ನಮ್ಮ ರಾಗಿಯಂತೆ ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಅದನ್ನು ನುಚ್ಚು ಮಾಡಿ, ಸುಮಾರು 66 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ, ಕಾಳಿನಲ್ಲಿರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂ ಹಾಕಿ, ಇನ್ನೊಂದು ಗಂಟೆ ಕುದಿಸಬೇಕು. ಹೂವಿನಿಂದ ಕಹಿ ಬರುತ್ತದೆ. ಅದು ಪಾನೀಯವನ್ನು ಕೆಡದಂತೆಯೂ ಕಾಯುತ್ತದೆ. ಬೇಗನೆ ಆರಿಸಿ ಯೀಸ್ಟ್ ಬೆರೆಸಿದರೆ, ಅದು ಸಕ್ಕರೆಯನ್ನುಂಡು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಒಂದೆರಡು ವಾರಗಳ ಮೇಲೆ ಚಿಟಿಕೆ ಸಕ್ಕರೆಯೊಡನೆ ಸೀಸೆಗಳಲ್ಲಿ ತುಂಬಿ ಮುಚ್ಚಳ ಬಿಗಿಯುತ್ತಾರೆ. ಆ ಸಕ್ಕರೆಯಿಂದಲೇ ನೊರೆ.

ಕುದಿಸಿದ ಮೇಲೆ ಅನ್ಯ ಸೂಕ್ಷ್ಮಜೀವಿ ಸೋಕಿದರೆ ಇಡೀ ಪಾತ್ರೆ ಹುಳಿಯಾದೀತು. ಅದಕ್ಕಾಗಿ ಮಗನು ಕೊಳವೆ, ಸೌಟುಗಳನ್ನೆಲ್ಲ ಔಷಧದ ನೀರಿನಲ್ಲಿ ಅದ್ದಿ, ಯಾರನ್ನೂ ಹತ್ತಿರ ಬಿಡದೆ ಓಡಾಡುವುದನ್ನು ನೋಡಿದಾಗ, ನನಗೆ ನಮ್ಮ ಅಜ್ಜಿಯ ಮಡಿಯೇ ನೆನಪಾಯಿತು. ದೋಸೆಹಿಟ್ಟನ್ನು ಹುಳಿ ಬರಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ಬಿಯರಿಗೆ ವೈರಿಗಳು. ಚಳಿಯ ದೇಶವಾದ್ದರಿಂದ ಸೊಸೆ ಹಿಟ್ಟಿನ ಪಾತ್ರೆಯನ್ನು ಓವನ್ನಿನೊಳಗೆ ದೀಪ ಹಚ್ಚಿ ಇಡುತ್ತಿದ್ದಳು. ಒಂದು ಶನಿವಾರ ಮಗನು ಅದನ್ನು ತೆಗೆದು ಹೊರಗಿಟ್ಟನು. “ನನ್ನ ಅಡುಗೆಮನೆಯಲ್ಲಿ ನನ್ನ ಹಿಟ್ಟೇ ಮೈಲಿಗೆಯಾಯಿತೇ?” ಎಂದು ಆಕೆ ಕೇಳಿದಳು. ಮಗನಲ್ಲಿ ಉತ್ತರವಿರಲಿಲ್ಲ.

ಸಮಾಧಾನಕ್ಕೆಂದು ನಾನು ಇತಿಹಾಸ ಹೇಳಹೊರಟೆ. ಪ್ರಾಚೀನ ಸುಮೇರಿಯದಲ್ಲಿ ಬಿಯರಿಗೆ ನಿಂಕಾಸಿ ಎಂಬ ದೇವತೆಯಿದ್ದಳು. ಆಕೆಯ ಮೇಲಿನ ಸ್ತೋತ್ರವೊಂದು ಸುಮಾರು ಕ್ರಿಸ್ತಪೂರ್ವ 1800ರ ಕಾಲದ ಮಣ್ಣಿನ ಹಲಗೆಗಳಲ್ಲಿ ದೊರೆತಿದೆ ಎಂದೆ. ಸೊಸೆ ತಾಳ್ಮೆಯಿಂದ ಕೇಳಿ, “ಆ ದೇವತೆಗೆ ಅಡುಗೆಗೆ ಬೇರೆ ಒಲೆ ಇತ್ತೇನು ಮಾವ?” ಎಂದಳು. ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ಒಲೆಯ ಜಗಳ ಅಷ್ಟರಲ್ಲೇ ಇದ್ದಿದ್ದರೆ ನಗೆಯಲ್ಲಿ ಕಳೆಯುತ್ತಿತ್ತು. ಒಂದು ರಾತ್ರಿ ಬೀರುವಿನಲ್ಲಿದ್ದ ಸೀಸೆಗಳೆರಡು ಸಿಡಿದವು. ನಾಲ್ಕು ವರ್ಷದ ಮೊಮ್ಮಗಳು ಹಗಲೆಲ್ಲ ಆಡುವ ಜಾಗದಲ್ಲಿ ಗಾಜು ಹರಡಿತ್ತು. ಸೊಸೆ ಕೂಗಾಡಲಿಲ್ಲ. ಮಂಡಿಯೂರಿ ದೀಪ ಹಿಡಿದು ಚೂರುಗಳನ್ನು ಆರಿಸಿದಳು. ಮಗನು ಜತೆಗೆ ಕುಳಿತಾಗ, “ನೀವು ಹೋಗಿ ಮಲಗಿ” ಎಂದಷ್ಟೇ ಹೇಳಿದಳು. ಆ ಮಾತಿನ ತಣ್ಣಗಿನ ದನಿ ನನ್ನನ್ನು ಬೆಳಗಿನವರೆಗೆ ನಿದ್ದೆಗೊಡಲಿಲ್ಲ.

ಮರುದಿನ ನನ್ನಾಕೆ ಮಗನನ್ನು ಕೇಳಿದಳು: “ಹಿಟ್ಟು ಉಕ್ಕುತ್ತೆ ಅಂತ ನಾವು ಪಾತ್ರೇಲಿ ಅರ್ಧ ಜಾಗ ಬಿಡ್ತೀವಿ. ಅದು ಉಕ್ಕಿ ಮುಗೀತೋ ಇಲ್ಲವೋ ನೋಡದೆ ನೀನು ಮುಚ್ಚಳ ಬಿಗಿದೆಯಲ್ಲೋ?”

ಇಡೀ ಶಾಸ್ತ್ರ ಅಷ್ಟರಲ್ಲಿತ್ತು. ಸಕ್ಕರೆ ಉಳಿದಿರುವಾಗಲೇ ಸೀಸೆ ತುಂಬಿದರೆ ಅನಿಲ ಒಳಗೇ ಹೆಚ್ಚಿ ಗಾಜು ಒಡೆಯುತ್ತದೆ. ಇದನ್ನು ತಿಳಿಯಲು ಹೈಡ್ರೋಮೀಟರ್ ಎಂಬ ತೇಲುವ ಗಾಜಿನ ಕಡ್ಡಿಯಿದೆ. ಸಕ್ಕರೆ ಕರಗಿದ ದ್ರವದಲ್ಲಿ ಅದು ಮೇಲೆ ನಿಲ್ಲುತ್ತದೆ. ಸಕ್ಕರೆ ಕಡಿಮೆಯಾದಂತೆ ಕೆಳಗಿಳಿಯುತ್ತದೆ. ಮೂರು ದಿನ ಒಂದೇ ಅಂಕಿ ತೋರಿದರೆ ಹುದುಗು ಮುಗಿಯಿತೆಂದು ಸಾಮಾನ್ಯವಾಗಿ ತಿಳಿಯಬಹುದು. ಮಗನು ಆತುರದಲ್ಲಿ ಒಂದೇ ದಿನ ನೋಡಿದ್ದನು.

ಅವನು ತಪ್ಪೊಪ್ಪಿಕೊಂಡು, ಇನ್ನು ಬಿಟ್ಟುಬಿಡುತ್ತೇನೆಂದನು. ಸೊಸೆ ಬಿಡಬೇಕೆನ್ನಲಿಲ್ಲ. ತಿಂಗಳಿಗೊಮ್ಮೆ, ಕಾರಿನ ಷೆಡ್ಡಿನಲ್ಲಿ, ಬೇರೆ ಒಲೆಯ ಮೇಲೆ. ಸೀಸೆಗಳು ಬೀಗವಿರುವ ಪೆಟ್ಟಿಗೆಯಲ್ಲಿ: ಇಷ್ಟು ಆಕೆಯ ಕರಾರು.

ಮೊನ್ನೆ ಮಗ ದೂರವಾಣಿಯಲ್ಲಿ ಹೇಳಿದನು: ಈಗ ಸೀಸೆ ತುಂಬುವ ಮುಂಚೆ ಮೂರು ದಿನವೂ ಅಂಕಿ ಓದುವವಳು ಸೊಸೆಯೇ ಅಂತೆ. ಬಿಯರಿನ ರುಚಿಯನ್ನು ಅವಳು ಇಂದಿಗೂ ನೋಡಿಲ್ಲ. ಅದರ ವಾಸನೆಯೂ ಅವಳಿಗೆ ಸೇರದು. ಗಂಡನ ಹವ್ಯಾಸ ಅವಳಿಗೆ ಅರ್ಥವಾಗಿದೆಯೆಂದು ನಾನು ಹೇಳಲಾರೆ. ಅವಳು ಹೇಳುವವರೆಗೆ ಮಗ ಮಾತ್ರ ಮುಚ್ಚಳ ಬಿಗಿಯುವುದಿಲ್ಲ.