ಊರಮನೆಗೆ ಅತಿಥಿ ಬರಬೇಕಾದರೆ

ಶಿಗ್ಗಾಂವಿ, ಹಾನಗಲ್, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ದೊಡ್ಡ ದೊಡ್ಡ ಮನೆಗಳಿಗೆ ಬೀಗ ಬೀಳುತ್ತಿದೆ. ಮಕ್ಕಳು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ನೆಲೆ ನಿಂತಿದ್ದಾರೆ. ಹಿರೇಬೆಂಡಿಗೇರಿಯಂಥ ಊರಿನಲ್ಲಿ ಎಷ್ಟೋ ಪಡಸಾಲೆಗಳು ಕಸಬರಿಗೆ ಕಾಣುವುದು ಜಾತ್ರೆಗೊಮ್ಮೆ, ದೀಪಾವಳಿಗೊಮ್ಮೆ. ಇಂಥ ಮನೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಬಹುದಲ್ಲ ಎಂಬ ಆಸೆ ಸಹಜ. ಕೊಡಬಹುದು. ಆದರೆ ಬಣ್ಣ ಬಳಿಸಿ ಮಂಚ ತರಿಸುವ ಮೊದಲು ಒಂದು ಪ್ರಶ್ನೆ ಇತ್ಯರ್ಥವಾಗಬೇಕು: ಆ ಮನೆಯಲ್ಲಿ ಇರುವವರು ಯಾರು?

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆ ಮಾನ್ಯತೆ ಕೊಡುವುದು 1ರಿಂದ 6 ಕೋಣೆಗಳನ್ನು ಬಾಡಿಗೆಗೆ ಬಿಡುವ ಮನೆಗೆ. ಮಾಲೀಕರ ಕುಟುಂಬ ಅಲ್ಲೇ ವಾಸವಾಗಿರಬೇಕೆಂಬುದು ಅದರ ಷರತ್ತು. ಕೀಲಿಕೈಯನ್ನು ಕಿರಾಣಿ ಅಂಗಡಿಯಲ್ಲಿಟ್ಟು ಬೆಂಗಳೂರಿನಿಂದ ಫೋನಿನಲ್ಲೇ ನಡೆಸುವ ಮನೆ ಹೋಂಸ್ಟೇ ಆಗುವುದಿಲ್ಲ. ಈ ಷರತ್ತಿನಲ್ಲಿ ಅನುಭವದ ತಿರುಳಿದೆ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ಕುಸಿದಾಗ ಕೊಡಗಿನ ಬೆಳೆಗಾರರು ತೋಟದ ಮನೆಯ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಡತೊಡಗಿದರು. ಅಲ್ಲಿ ಹೆಸರು ಬಂದದ್ದು ಮನೆಯಾಕೆ ಮಾಡಿದ ಕಡಂಬುಟ್ಟು ಎಂಬ ಅಕ್ಕಿ ಕಡುಬಿಗೆ, ಜೊತೆಗೆ ನಡೆದು ತೋಟ ತೋರಿಸಿದ ಯಜಮಾನನ ಮಾತಿಗೆ. ಆಮೇಲೆ ಮನೆಯವರೇ ಇಲ್ಲದ ಕಟ್ಟಡಗಳೂ ಅದೇ ಫಲಕ ತಗುಲಿಹಾಕಿಕೊಂಡವು. ಗದ್ದಲದ ದೂರು, ಕಸದ ದೂರು ಅವುಗಳ ಹಿಂದೆಯೇ ಬಂದವು.

ಕೊಡಗಿನ ಹಾಗೆ ಬೆಟ್ಟ, ಮಂಜು ನಮ್ಮ ಕಡೆ ಇಲ್ಲ ನಿಜ. ಆದರೆ ಅವಿಲ್ಲದೆಯೂ ಜನ ಬರುತ್ತಾರೆ ಎನ್ನುವುದಕ್ಕೆ ದೂರ ಹುಡುಕಬೇಕಾಗಿಲ್ಲ. ಶಿಗ್ಗಾಂವಿ ತಾಲ್ಲೂಕಿನಲ್ಲೇ, ಕುನ್ನೂರು ಬಳಿ, ಅಗಡಿ ತೋಟವಿದೆ. ಹುಬ್ಬಳ್ಳಿ–ಧಾರವಾಡದ ಕುಟುಂಬಗಳು ಅಲ್ಲಿಗೆ ಬರುವುದೇ ಹೊಲ ನೋಡಲಿಕ್ಕೆ, ಹಳ್ಳಿಯ ಊಟ ಉಣ್ಣಲಿಕ್ಕೆ. ಹೆದ್ದಾರಿಯ ಬದಿಯ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕೇ ಶಿಲ್ಪಗಳಾಗಿ ನಿಂತಿದೆ. ಬಂಕಾಪುರದ ಕೋಟೆಯಲ್ಲಿ ನವಿಲುಧಾಮ, ನಗರೇಶ್ವರ ದೇವಾಲಯ; ಬಾಡದಲ್ಲಿ ಕನಕದಾಸರ ನೆಲೆ; ಶಿಶುವಿನಹಾಳದಲ್ಲಿ ಶರೀಫರ ಗದ್ದುಗೆ; ಸವಣೂರಿನಲ್ಲಿ ದೊಡ್ಡಹುಣಸೆ ಮರಗಳು; ಹಾನಗಲ್ಲಿನಲ್ಲಿ ತಾರಕೇಶ್ವರ. ಇವನ್ನೆಲ್ಲ ನೋಡಲು ಬಂದವರು ಸಂಜೆ ಹುಬ್ಬಳ್ಳಿಯ ಲಾಡ್ಜಿಗೆ ಹಿಂದಿರುಗುತ್ತಾರೆ. ರಾತ್ರಿ ಉಳಿಯಲು ಒಳ್ಳೆಯ ಮನೆ ಸಿಕ್ಕರೆ ಒಂದು ದಿನದ ಓಡಾಟ ಎರಡು ದಿನದ ಪ್ರವಾಸವಾಗುತ್ತದೆ.

ಮನೆಯನ್ನು ಹೇಗೆ ಸಜ್ಜು ಮಾಡಬೇಕು? ಕೊಪ್ಪಳ ಜಿಲ್ಲೆಯ ಆನೆಗೊಂದಿ ಇದಕ್ಕೆ ಒಳ್ಳೆಯ ಪಾಠ. ಶಮಾ ಪವಾರ್ ಅವರು 1997ರಲ್ಲಿ ಕಟ್ಟಿದ ಕಿಷ್ಕಿಂದಾ ಟ್ರಸ್ಟ್ ಅಲ್ಲಿ ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿಸಿತು. ಊರಿನ ಹೆಂಗಸರಿಗೆ ಬಾಳೆನಾರಿನ ಕಸುಬು ಕಲಿಸಿತು, ಅತಿಥಿಗಳ ವಾಸ್ತವ್ಯವನ್ನೂ ಊರಿನ ಬದುಕಿನ ಜೊತೆಗೇ ಬೆಸೆಯಿತು. ನಮ್ಮ ಮಾಳಿಗೆ ಮನೆಗಳಿಗೂ ಇದೇ ದಾರಿ. ತೊಲೆ, ಜಂತಿ, ಬೆಳಕಿಂಡಿ, ಪಡಸಾಲೆಯ ಕಂಬ ಇದ್ದ ಹಾಗೇ ಇರಲಿ. ಸುಳ್ಳು ಛಾವಣಿ ಹಾಕಿಸಿ ಜಂತಿ ಮುಚ್ಚಿದರೆ ಅತಿಥಿ ನೋಡಲು ಬಂದದ್ದನ್ನೇ ಮುಚ್ಚಿದಂತೆ. ಮುಂಗಾರಿಗೆ ಮೊದಲು ಮಾಳಿಗೆಗೆ ಸವಳು ಹಾಕಿಸುವುದನ್ನು ಮಾತ್ರ ತಪ್ಪಿಸಬಾರದು. ನಡುರಾತ್ರಿ ಹಾಸಿಗೆಯ ಮೇಲೆ ತೊಟ್ಟಿಕ್ಕಿದ ನೀರನ್ನು ಯಾವ ಅತಿಥಿಯೂ ಮರೆಯುವುದಿಲ್ಲ.

ದುಡ್ಡು ಸುರಿಯಬೇಕಾದ ಜಾಗ ಬಚ್ಚಲು. ನೆಲದ ಇಳಿಜಾರು ಸರಿಯಿಲ್ಲದೆ ಬಾಗಿಲ ಬುಡದಲ್ಲಿ ನೀರು ನಿಂತರೆ, ಒಳಗಿನ ಚಿಲಕ ಬೀಳದಿದ್ದರೆ, ಬಟ್ಟೆ ತಗುಲಿಸಲು ಒಂದು ಗೂಟವೂ ಇಲ್ಲದಿದ್ದರೆ ಪಡಸಾಲೆ ಎಷ್ಟು ಚೆಂದವಿದ್ದರೂ ದಂಡ. ಕೋಣೆಗೊಂದು ಶೌಚಾಲಯ, ಬಿಸಿನೀರು, ಒಗೆದ ಹಾಸು–ಹೊದಿಕೆ, ಸೊಳ್ಳೆಪರದೆ, ಕರೆಂಟು ಹೋದಾಗ ಹೊತ್ತುವ ದೀಪ. ಇಷ್ಟಾದ ಮೇಲೆ ಉಳಿದದ್ದು ಅಡಿಗೆಮನೆಗೆ ಬಿಟ್ಟದ್ದು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇಟ್ಟು ‘ಇನ್ನೊಂದ್ ರೊಟ್ಟಿ ಹಾಕ್ಲೇನ್ರೀ?’ ಎಂದು ಕೇಳುವ ದನಿ ಯಾವ ಹೋಟೆಲಿನಲ್ಲೂ ದುಡ್ಡಿಗೆ ಸಿಗದು. ಈ ಕೆಲಸ ನೋಡಿಕೊಳ್ಳಲು ಮನೆಯಲ್ಲಿ ಅತ್ತೆ, ಚಿಕ್ಕಪ್ಪ, ಯಾರಾದರೂ ಇದ್ದರೆ ಆದಾಯದಲ್ಲಿ ಅವರ ಪಾಲು ಮೊದಲೇ ಗೊತ್ತುಮಾಡಬೇಕು. ಬಿಟ್ಟಿ ಚಾಕರಿಯ ಮೇಲೆ ನಿಂತ ಹೋಂಸ್ಟೇ ಬಹಳ ದಿನ ಬಾಳುವುದಿಲ್ಲ, ಬಾಳಲೂಬಾರದು.

ಮನೆ ಸಜ್ಜಾದ ಮೇಲೆ ಗಿರಾಕಿಯನ್ನು ಕರೆತರುವುದು ಅದರ ಫೋಟೋ. ಇದಕ್ಕೆ ಮನೆ–ಕೋಣೆಗಳ ಆನ್‌ಲೈನ್ ಬುಕಿಂಗ್ ಕಂಪನಿ ಏರ್‌ಬಿಎನ್‌ಬಿಯ ಕಥೆಯೇ ಸಾಕ್ಷಿ. 2008ರಲ್ಲಿ ಶುರುವಾದ ಆ ಕಂಪನಿಗೆ ಮೊದಮೊದಲು ಗಿರಾಕಿಗಳೇ ಕಡಿಮೆ. ಮನೆಗಳ ಚಿತ್ರಗಳು ಮಂಕಾಗಿವೆ ಎಂದು ಅರಿತ ಸಂಸ್ಥಾಪಕರು ನ್ಯೂಯಾರ್ಕಿಗೆ ಹೋಗಿ ತಾವೇ ಮನೆಮನೆಗೆ ತಿರುಗಿ ಫೋಟೋ ತೆಗೆದರು, ಬುಕಿಂಗ್ ಏರಿತು. ಬೆಳಗಿನ ಬೆಳಕಿನಲ್ಲಿ ತೆಗೆದ ಪಡಸಾಲೆಯ ಚಿತ್ರದ ಜೊತೆ ಬಚ್ಚಲಿನ ಚಿತ್ರವನ್ನೂ ಹಾಕಬೇಕು. ಏಪ್ರಿಲ್–ಮೇನಲ್ಲಿ ಸೆಕೆ, ಎಸಿ ಇಲ್ಲ, ಮದ್ಯಕ್ಕೆ ಅವಕಾಶವಿಲ್ಲ ಎಂಬುದನ್ನು ಮೊದಲೇ ಬರೆದರೆ ಬೇಡದ ಗಿರಾಕಿ ತಾನಾಗಿ ದೂರವಾಗುತ್ತಾನೆ.

ಕಾಗದಪತ್ರದಲ್ಲಿ ಉದಾಸೀನ ಕೂಡದು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ, ಊಟ ಕೊಡುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ, ಬಂದವರ ಗುರುತಿನ ಚೀಟಿಯ ಪ್ರತಿ ಬೇಕು. ವಿದೇಶಿಯರಾದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ತಾರಕೇಶ್ವರದಂಥ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ನಿಯಮ ಮೀರಿದರೆ ಏನಾಗುತ್ತದೆ ಎಂಬುದನ್ನು ಹಂಪಿಯ ಎದುರಿನ ವಿರೂಪಾಪುರ ಗಡ್ಡೆ ಕಂಡಿದೆ: ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ತೆರವಿನ ಆದೇಶ ಎತ್ತಿಹಿಡಿಯಿತು, ಮರುತಿಂಗಳೇ ಅಲ್ಲಿನ ರೆಸಾರ್ಟ್‌ಗಳು ನೆಲಸಮವಾದವು.

ಲೆಕ್ಕವನ್ನೂ ಬಿಗಿಯಾಗಿಯೇ ಹಾಕಬೇಕು. ಎರಡು ಕೋಣೆ, ತಲಾ 1,500 ರೂಪಾಯಿ, ತಿಂಗಳಿಗೆ ಎಂಟು ರಾತ್ರಿ ತುಂಬಿದವೆಂದು ಹಿಡಿದರೂ ಕೈಗೆ ಬರುವುದು 24,000. ಅದರಲ್ಲಿ ಅಡಿಗೆ, ಒಗೆತ, ಕರೆಂಟು, ಆಳಿನ ಸಂಬಳ, ಬುಕಿಂಗ್ ಕಂಪನಿಯ ಕಮಿಷನ್ ಕಳೆಯಬೇಕು. ಸಾಲ ಮಾಡಿ ಮನೆ ಸಿಂಗರಿಸಿದರೆ ಕಂತೇ ಎಲ್ಲವನ್ನೂ ನುಂಗೀತು. ಒಂದೇ ಕೋಣೆಯಿಂದ ಶುರುಮಾಡುವುದು ಲೇಸು.

ಶನಿವಾರ, ಭಾನುವಾರ ಹೇಗೋ ತುಂಬುತ್ತವೆ; ಕಷ್ಟವಿರುವುದು ವಾರದ ನಡುವೆ. ಈ ಸೀಮೆಯ ಅನುಕೂಲವೂ ಅಲ್ಲೇ ಇದೆ. ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯಕ್ಕೆ ಕ್ಷೇತ್ರಕಾರ್ಯ, ವಿಚಾರಸಂಕಿರಣವೆಂದು ಬರುವ ಸಂಶೋಧಕರಿದ್ದಾರೆ. ಮದುವೆಗೆ ಬರುವ ಬೀಗರ ಕಡೆಯ ಬಂಧುಗಳಿದ್ದಾರೆ. ಅವರಿಗಾಗಿ ಊಟ ಸೇರಿಸಿದ ಒಂದು ವಾರದ ದರ, ಬಾಡಿಗೆಯ ಕೋಣೆಗಳಿಗೆಲ್ಲ ಸೇರಿಸಿ ಒಂದು ದರ ಬೇರೆಯಾಗಿಯೇ ಗೊತ್ತುಮಾಡಿ, ಮೊದಲ ಫೋನಿನಲ್ಲೇ ಹೇಳಿಬಿಡಬೇಕು.