ದಿನ ತುಂಬದ ಕೂಸಿನ ಕಾಮಾಲೆ: ಕರುಳಿನ ಪಾತ್ರವೇನು?

ದಿನ ತುಂಬುವ ಮೊದಲೇ, ಅಂದರೆ 37 ವಾರಗಳಿಗೆ ಮುಂಚೆ ಹುಟ್ಟಿದ ನೂರು ಮಕ್ಕಳಲ್ಲಿ ಸುಮಾರು 80 ಮಕ್ಕಳ ಮೈ, ಕಣ್ಣು ಮೊದಲ ವಾರದಲ್ಲೇ ಹಳದಿಗಟ್ಟುತ್ತವೆ. ಈ ಹಳದಿ ಬರುವುದೆಲ್ಲಿಂದ? ಹೋಗುವುದು ಹೇಗೆ?

ನಿಮ್ಮ ಜೀವಶಾಸ್ತ್ರದ ಪಾಠವನ್ನು ನೆನಪಿಸಿಕೊಳ್ಳಿ. ದೊಡ್ಡವರ ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ನವಜಾತ ಶಿಶುವಿನದು ಅದಕ್ಕಿಂತ ಬೇಗ ಒಡೆಯುತ್ತದೆ. ಆಗ ಹಿಮೋಗ್ಲೋಬಿನ್‌ನಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಇದು ನೀರಿನಲ್ಲಿ ಕರಗದು. ಯಕೃತ್ತಿನ ಕಿಣ್ವವೊಂದು ಇದಕ್ಕೆ ಗ್ಲುಕುರಾನಿಕ್ ಆಮ್ಲವನ್ನು ಜೋಡಿಸಿ ಕರಗುವಂತೆ ಮಾಡುತ್ತದೆ; ಬಳಿಕ ಅದು ಪಿತ್ತರಸದೊಡನೆ ಕರುಳಿಗೆ ಇಳಿಯುತ್ತದೆ. ದಿನ ತುಂಬದ ಕೂಸಿನಲ್ಲಿ ಈ ಕಿಣ್ವದ ಶಕ್ತಿ ತೀರ ಕಡಿಮೆ.

ಕರುಳು ಸೇರಿದ ಮೇಲೂ ತೊಂದರೆ ತಪ್ಪಿದ್ದಲ್ಲ. ಅಲ್ಲಿನ ಇನ್ನೊಂದು ಕಿಣ್ವ ಆ ಜೋಡಣೆಯನ್ನು ಬಿಡಿಸುತ್ತದೆ. ಬಿಲಿರುಬಿನ್ ಮತ್ತೆ ರಕ್ತಕ್ಕೆ ಸೇರುತ್ತದೆ. ದೊಡ್ಡವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಬಿಲಿರುಬಿನ್ನನ್ನು ಬೇರೆ ವಸ್ತುವಾಗಿ ಮಾರ್ಪಡಿಸುತ್ತವೆ. ಮಲದ ಕಂದುಬಣ್ಣ ಅದರದೇ. ಕೂಸಿನ ಕರುಳಿನಲ್ಲಿ ಅಂಥ ಬ್ಯಾಕ್ಟೀರಿಯಾಗಳು ಇನ್ನೂ ನೆಲೆಸಿರುವುದಿಲ್ಲ, ಕರುಳಿನ ಚಲನೆಯೂ ನಿಧಾನ. ಮಲ ಒಳಗೆ ನಿಂತಷ್ಟು ಹೊತ್ತೂ ಹಳದಿ ವಸ್ತು ಹಿಂದಿರುಗುತ್ತಲೇ ಇರುತ್ತದೆ.

ಪ್ರಿಬಯೋಟಿಕ್‌ಗಳ ವಿಚಾರ ಬರುವುದು ಇಲ್ಲಿ. 1995ರಲ್ಲಿ ವಿಜ್ಞಾನಿಗಳು ಬಳಕೆಗೆ ತಂದ ಪದವಿದು. ಪ್ರೋಬಯೋಟಿಕ್ ಎಂದರೆ ಜೀವಂತ ಸೂಕ್ಷ್ಮಜೀವಿ. ಪ್ರಿಬಯೋಟಿಕ್ ಎಂದರೆ ಅದಕ್ಕೆ ಆಹಾರ. ನಮಗೆ ಜೀರ್ಣವಾಗದ ಕೆಲವು ಸಕ್ಕರೆ ಸರಪಣಿಗಳು ಈ ಗುಂಪಿನವು. ತಾಯಿಯ ಹಾಲಿನಲ್ಲೇ ಇಂಥವು ನೂರಕ್ಕೂ ಹೆಚ್ಚು ಬಗೆಯವಿವೆ. ಇವುಗಳಿಂದ ಒಳ್ಳೆಯ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ, ಮಲ ಮೃದುವಾಗುತ್ತದೆ. ಕೂಸು ಹೆಚ್ಚು ಸಲ ಮಲ ವಿಸರ್ಜಿಸಿದರೆ ಬಿಲಿರುಬಿನ್ ಹಿಂದಿರುಗಲು ಅವಕಾಶ ಕಡಿಮೆ ಎಂಬುದು ತರ್ಕ.

ತರ್ಕ ಚೆನ್ನಾಗಿದೆ, ಆದರೆ ವಿಜ್ಞಾನ ಪುರಾವೆಯನ್ನೂ ಕೇಳುತ್ತದೆ. ಸಣ್ಣ ಪ್ರಯೋಗಗಳಲ್ಲಿ ಭರವಸೆ ಕಂಡಿದ್ದುಂಟು. ಅವನ್ನು ಒಟ್ಟಿಗೆ ತೂಗಿ ನೋಡಿದ 2019ರ ಕಾಕ್ರೇನ್ ಸಮೀಕ್ಷೆ ಮಾತ್ರ, ಪುರಾವೆ ಇನ್ನೂ ಸಾಲದು, ದೊಡ್ಡ ಪ್ರಯೋಗಗಳು ನಡೆಯಬೇಕು ಎಂದಿತು. ಹೀಗಾಗಿ ಮುಖ್ಯ ಚಿಕಿತ್ಸೆ ನೀಲಿ ಬೆಳಕೇ. ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ವೈದ್ಯರು 1958ರಲ್ಲಿ ಲೋಕಕ್ಕೆ ತಿಳಿಸಿದ ಬೆಳಕಿನ ಚಿಕಿತ್ಸೆಯಿಂದ ಬೆಳೆದು ಬಂದ ವಿಧಾನವಿದು. ಬೆಳಕು ಬಿಲಿರುಬಿನ್ ಅಣುವಿನ ಆಕಾರವನ್ನೇ ಬದಲಿಸಿ, ಯಕೃತ್ತಿನ ಆ ಜೋಡಣೆ ಇಲ್ಲದೆಯೂ ಹೊರಹೋಗುವಂತೆ ಮಾಡುತ್ತದೆ. ಪ್ರಿಬಯೋಟಿಕ್ ಮುಂದೆ ಇದಕ್ಕೆ ನೆರವಾಗಬಹುದು, ಇದರ ಜಾಗಕ್ಕೆ ಬರಲಾರದು.

ಇಷ್ಟೆಲ್ಲ ತಿಳಿಯಬೇಕಾದದ್ದು ಏಕೆ? ಬಿಲಿರುಬಿನ್ ಮಿತಿಮೀರಿದರೆ ಮಿದುಳನ್ನು ಸೇರಿ ಕಿವುಡುತನ, ಕೈಕಾಲುಗಳ ಚಲನೆಯ ತೊಂದರೆಯನ್ನು ಶಾಶ್ವತವಾಗಿ ಉಳಿಸಬಲ್ಲದು. ದಿನ ತುಂಬದ ಕೂಸಿಗೆ ಈ ಅಪಾಯ ಇನ್ನೂ ಹೆಚ್ಚು. ನಿಮ್ಮ ಮನೆಯಲ್ಲಿ ಅಕ್ಕನದೋ ಅತ್ತಿಗೆಯದೋ ಕೂಸು ಹಳದಿಗಟ್ಟಿದಾಗ, "ಎಳೆಬಿಸಿಲಿಗೆ ಹಿಡಿದರೆ ಸಾಕು, ಗ್ಲುಕೋಸ್ ನೀರು ಕುಡಿಸಿದರೆ ಸರಿಹೋಗುತ್ತದೆ" ಎಂದು ಹಿರಿಯರು ಹೇಳಬಹುದು. ಆಗ ನೀವು ವಿನಯದಿಂದಲೇ ಹೇಳಿ: "ಮೊದಲು ವೈದ್ಯರಿಗೆ ತೋರಿಸೋಣ, ಬಿಲಿರುಬಿನ್ ಅಳತೆ ಮಾಡಿಸೋಣ."